ಕಾರಿನ ಒಳಗಿನ ಲೈಟ್ ಕೈಕೊಟ್ಟಾಗ: ಪದೇ ಪದೇ ಕೇಳುವ ಪ್ರಶ್ನೆಗಳು

ಮಲೆನಾಡಿನ ಮಳೆಯಲ್ಲಿ ಹದಿಮೂರು ವರ್ಷದ ಒಂದು ಸಣ್ಣ ಕಾರಿನ ಜೊತೆ ಸಂಸಾರ ಮಾಡಿ ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ. ನಾನು ಓದಿದ ಮೆಕ್ಯಾನಿಕ್ ಏನಲ್ಲ. ಆದರೆ ನೆಂಟರು, ಆಫೀಸಿನವರು, ಪಕ್ಕದ ಮನೆಯವರು ಕೇಳುವ ಪ್ರಶ್ನೆಗಳೆಲ್ಲ ಹೆಚ್ಚುಕಡಿಮೆ ಒಂದೇ ತರಹ ಇರುತ್ತವೆ. ಲೈಟ್ ಹತ್ತದಿದ್ದರೆ ಎಲ್ಲರೂ ತಲೆ ಎತ್ತಿ ಬಲ್ಬ್ ನೋಡುತ್ತಾರೆ. ಹತ್ತರಲ್ಲಿ ಏಳು ಸಲ ನನಗೆ ತೊಂದರೆ ಸಿಕ್ಕಿದ್ದು ಬಾಗಿಲ ಹತ್ತಿರ.

ಬಾಗಿಲು ತೆಗೆದರೆ ರೂಫ್ ಲೈಟ್ ಹತ್ತುತ್ತಿಲ್ಲ. ಎಲ್ಲಿಂದ ಶುರು ಮಾಡಲಿ?

ಲೈಟಿನ ಮೇಲೇ ಇರುವ ಸ್ವಿಚ್ಚಿನಿಂದ. ನಗಬೇಡಿ. ಸರ್ವಿಸ್‌ಗೆ ಬಿಟ್ಟಾಗ, ಕಾರು ತೊಳೆಸಿದಾಗ, ಮಕ್ಕಳು ಹಿಂದೆ ಕೂತಾಗ ಈ ಸ್ವಿಚ್ ಜಾಗ ಬಿಟ್ಟು ಸರಿದಿರುತ್ತದೆ. ಹೆಚ್ಚಿನ ಕಾರುಗಳಲ್ಲಿ ಅದಕ್ಕೆ ಮೂರು ಜಾಗ: ಒಂದು ಕಡೆ ಆನ್, ಇನ್ನೊಂದು ಕಡೆ ಆಫ್, ನಡುವೆ ಡೋರ್. ನಡುವಿನದ್ದಕ್ಕೆ ಬಾಗಿಲಿನ ಚಿತ್ರ ಇರಬಹುದು, ಬರೀ ಒಂದು ಚುಕ್ಕಿ ಇರಬಹುದು. ಬಾಗಿಲು ತೆಗೆದಾಗ ಹತ್ತಬೇಕು ಅಂದರೆ ಸ್ವಿಚ್ ಡೋರ್‌ನಲ್ಲಿ ಇರಬೇಕು.

ಅದು ಸರಿ ಇದ್ದರೆ ಈಗ ಆನ್‌ಗೆ ತಳ್ಳಿ. ಈ ಒಂದು ಪರೀಕ್ಷೆಯಲ್ಲೇ ಅರ್ಧ ಕೆಲಸ ಮುಗಿಯುತ್ತದೆ. ಆನ್‌ನಲ್ಲಿ ಹತ್ತಿತು ಅಂದರೆ ಬಲ್ಬ್ ಚೆನ್ನಾಗಿದೆ, ಫ್ಯೂಸ್ ಚೆನ್ನಾಗಿದೆ. ಬಾಗಿಲ ಸ್ವಿಚ್ ನೋಡಿ. ಆನ್‌ನಲ್ಲೂ ಹತ್ತಲಿಲ್ಲ ಅಂದರೆ ಬಲ್ಬ್ ಅಥವಾ ಫ್ಯೂಸ್. ಆಗ ಸ್ಟೀರಿಯೋ, ಗಡಿಯಾರದ ಕಡೆ ಒಮ್ಮೆ ಕಣ್ಣು ಹಾಯಿಸಿ. ಅವೂ ಸತ್ತಿದ್ದರೆ ಫ್ಯೂಸ್ ಹೋಗಿರುವ ಸಾಧ್ಯತೆ ಜಾಸ್ತಿ, ಏಕೆಂದರೆ ಬಹಳ ಕಾರುಗಳಲ್ಲಿ ಇವೆಲ್ಲ ಒಂದೇ ಫ್ಯೂಸಿನ ಮಕ್ಕಳು.

ಅಪರೂಪಕ್ಕೆ ಉಲ್ಟಾ ಕೇಸ್ ಬರುತ್ತದೆ: ಡೋರ್‌ನಲ್ಲಿ ಹತ್ತುತ್ತದೆ, ಆನ್‌ನಲ್ಲಿ ಹತ್ತುವುದಿಲ್ಲ. ಲೈಟಿನ ಸ್ವಂತ ಅರ್ಥ್, ಅಂದರೆ ಕಾರಿನ ಬಾಡಿಯಿಂದ ಸಿಗುವ ಮೈನಸ್, ಬಿಟ್ಟುಹೋಗಿದೆ ಅಂತ ಲೆಕ್ಕ. ಅದನ್ನು ರೂಫಿಗೆ ಹಿಡಿದಿರುವ ಸ್ಕ್ರೂ ಅಥವಾ ಕಪ್ಪು ವೈರ್ ಸಡಿಲ ಆಗಿರುತ್ತದೆ. ಲೈಟಿನೊಳಗಿನ ಸ್ವಿಚ್ ಸವೆದಿದ್ದರೂ ಹೀಗೇ ಆಗುತ್ತದೆ.

ಆನ್‌ನಲ್ಲಿ ಹತ್ತುತ್ತದೆ, ಬಾಗಿಲು ತೆಗೆದಾಗ ಮಾತ್ರ ಇಲ್ಲ. ಬಾಗಿಲ ಸ್ವಿಚ್ ಅಂದರೆ ಯಾವುದು?

ಬಾಗಿಲು ಪೂರ್ತಿ ತೆಗೆದು ಬಾಗಿಲ ಚೌಕಟ್ಟಿನ ಕಂಬದ ಕಡೆ ನೋಡಿ. ಕಪ್ಪು ರಬ್ಬರ್ ಟೋಪಿ ಹಾಕಿಕೊಂಡ ಒಂದು ಪುಟ್ಟ ಬಟನ್ ಹೊರಗೆ ಚಾಚಿಕೊಂಡಿರುತ್ತದೆ. ಬಾಗಿಲು ಹಾಕಿದಾಗ ಅದು ಒಳಗೆ ಒತ್ತುತ್ತದೆ, ತೆಗೆದಾಗ ಸ್ಪ್ರಿಂಗ್ ಅದನ್ನು ಹೊರಗೆ ತಳ್ಳುತ್ತದೆ. ಹಳೆಯ ಕಾರುಗಳಲ್ಲಿ ಎಲ್ಲ ಕತೆ ಇಷ್ಟೇ.

ಇದು ಕೆಲಸ ಮಾಡುವ ರೀತಿ ಗೊತ್ತಾದರೆ ರಿಪೇರಿ ಸುಲಭ. ಬ್ಯಾಟರಿಯ ಪ್ಲಸ್ ಫ್ಯೂಸಿನ ಮೂಲಕ ನೇರವಾಗಿ ಬಲ್ಬಿಗೆ ಬಂದು ಕಾಯುತ್ತಿರುತ್ತದೆ. ಮೈನಸ್ ಸಿಗುವುದು ಬಾಗಿಲ ಸ್ವಿಚ್ ಮೂಲಕ, ಕಾರಿನ ಬಾಡಿಯಿಂದ. ಅದಕ್ಕೇ ಆ ಸ್ವಿಚ್ಚಿಗೆ ಒಂದೇ ವೈರ್. ಎರಡನೇ ವೈರಿನ ಕೆಲಸ ಮಾಡುವುದು ಸ್ವಿಚ್ಚನ್ನು ಹಿಡಿದಿರುವ ಆ ಒಂದು ಸ್ಕ್ರೂ. ನಮ್ಮ ಕಡೆ ಜೂನ್‌ನಿಂದ ಸೆಪ್ಟೆಂಬರ್ ತನಕ ಬಾಗಿಲ ಸಂದಿಗೆ ನೀರು ಇಳಿಯುತ್ತಲೇ ಇರುತ್ತದೆ. ಸ್ಕ್ರೂ ತುಕ್ಕು ಹಿಡಿಯುತ್ತದೆ, ಅರ್ಥ್ ಸಿಗುವುದಿಲ್ಲ, ಲೈಟ್ ಹತ್ತುವುದಿಲ್ಲ. ಬಲ್ಬ್ ಮಾತ್ರ ಹೊಸದರ ಹಾಗೆ ಇರುತ್ತದೆ!

ಮೊದಲು ಬೆರಳಲ್ಲಿ ಬಟನ್ನನ್ನು ಇಪ್ಪತ್ತು ಸಲ ಒತ್ತಿ ಬಿಡಿ. ಕೆಸರು ಹಿಡಿದು ಒಳಗೇ ಸಿಕ್ಕಿಕೊಂಡಿದ್ದರೆ ಇಷ್ಟಕ್ಕೇ ಬಿಡುತ್ತದೆ. ಆಗಲಿಲ್ಲ ಅಂದರೆ ಸ್ಕ್ರೂ ಬಿಚ್ಚಿ ಸ್ವಿಚ್ಚನ್ನು ಮೆಲ್ಲಗೆ ಹೊರಗೆ ಎಳೆಯಿರಿ. ವೈರ್ ಕಳಚುವ ಮೊದಲು ಅದಕ್ಕೊಂದು ದಾರ ಕಟ್ಟಿ ಅಥವಾ ಟೇಪಿನಿಂದ ಬಾಡಿಗೆ ಅಂಟಿಸಿ. ಕಟ್ಟದೇ ಹೋದರೆ ವೈರ್ ಸರಕ್ಕನೆ ಕಂಬದ ಒಳಗೆ ಜಾರಿಹೋಗುತ್ತದೆ. ಆಮೇಲೆ ತಂತಿ ಬಗ್ಗಿಸಿ ಬಾವಿಗೆ ಬಿದ್ದ ಕೊಡ ಎತ್ತಿದ ಹಾಗೆ ಎತ್ತಬೇಕು. ನಾನು ಒಂದು ಭಾನುವಾರ ಮಧ್ಯಾಹ್ನ ಪೂರ್ತಿ ಇದನ್ನೇ ಮಾಡಿದ್ದೇನೆ.

ವೈರ್ ಹೊರಗೆ ಬಂದ ಮೇಲೆ ಅದರ ತುದಿಯನ್ನು ಪೇಂಟ್ ಇಲ್ಲದ ಲೋಹಕ್ಕೆ, ಅಂದರೆ ಸ್ಕ್ರೂ ತೂತಿನ ಅಂಚಿಗೆ ಮುಟ್ಟಿಸಿ. ಲೈಟ್ ಹತ್ತಿತಾ? ಹಾಗಾದರೆ ವೈರ್ ಸರಿ ಇದೆ, ತೊಂದರೆ ಸ್ವಿಚ್ಚಿನದ್ದೇ. ಸ್ಕ್ರೂ, ತೂತಿನ ಅಂಚು, ಸ್ವಿಚ್ಚಿನ ಹಿತ್ತಾಳೆ ಭಾಗ ಮೂರನ್ನೂ ಸ್ಯಾಂಡ್ ಪೇಪರ್‌ನಲ್ಲಿ ಉಜ್ಜಿ ಹೊಳಪು ಬರಿಸಿ ಮತ್ತೆ ಕೂರಿಸಿ. ರಬ್ಬರ್ ಟೋಪಿ ಹರಿದಿದ್ದರೆ ಸ್ವಿಚ್ಚನ್ನೇ ಬದಲಿಸಿ. ದುಬಾರಿ ಸಾಮಾನೇನಲ್ಲ. ಈ ಮುಟ್ಟಿಸುವ ಪರೀಕ್ಷೆ ಒಂದೇ ವೈರ್ ಇರುವ ಹಳೆಯ ಸ್ವಿಚ್ಚುಗಳಿಗೆ ಮಾತ್ರ. ಕಂಪ್ಯೂಟರ್ ಇರುವ ಕಾರುಗಳಲ್ಲಿ ಸುಮ್ನೆ ಯಾವುದೋ ವೈರ್ ಬಾಡಿಗೆ ಮುಟ್ಟಿಸಲು ಹೋಗಬೇಡಿ.

ನಮ್ಮದು ಹೊಸ ಕಾರು, ಆ ಬಟನ್ನೇ ಕಾಣುತ್ತಿಲ್ಲ.

ಈಗಿನ ಬಹಳ ಕಾರುಗಳಲ್ಲಿ ಸ್ವಿಚ್ ಬಾಗಿಲಿನ ಲಾಕ್ ಒಳಗೇ ಕೂತಿರುತ್ತದೆ. ಅದು ನೇರವಾಗಿ ಲೈಟ್ ಹತ್ತಿಸುವುದಿಲ್ಲ. ಬಾಡಿ ಕಂಟ್ರೋಲ್ ಮಾಡ್ಯೂಲ್ ಅನ್ನುವ ಪುಟ್ಟ ಕಂಪ್ಯೂಟರಿಗೆ ಬಾಗಿಲು ತೆಗೆದ ಸುದ್ದಿ ಮುಟ್ಟಿಸುತ್ತದೆ, ಅದು ಲೈಟ್ ಹಾಕುತ್ತದೆ. ಇಲ್ಲಿ ನಿಮಗೆ ಸಿಗುವ ಸುಳಿವು ಡ್ಯಾಶ್‌ಬೋರ್ಡಿನ ಬಾಗಿಲ ಚಿಹ್ನೆ. ಒಂದೊಂದೇ ಬಾಗಿಲು ತೆಗೆದು ನೋಡಿ. ಯಾವ ಬಾಗಿಲಿಗೆ ಚಿಹ್ನೆ ಬರುವುದಿಲ್ಲವೋ ಆ ಬಾಗಿಲಿನ ಲಾಕ್ ಅಥವಾ ಅದರ ವೈರ್ ಮೇಲೆ ಅನುಮಾನ ಪಡಿ.

ಬಾಗಿಲು ತೆಗೆದೇ ಇಟ್ಟು ಸ್ಕ್ರೂಡ್ರೈವರಿನಿಂದ ಲಾಕಿನ ಕೊಕ್ಕೆಯನ್ನು ಮುಚ್ಚಿದ ಸ್ಥಿತಿಗೆ ತಳ್ಳಿದರೆ ಕಾರು ಬಾಗಿಲು ಹಾಕಿದೆ ಅಂದುಕೊಳ್ಳುತ್ತದೆ. ಲೈಟ್ ಆರಬೇಕು. ಪರೀಕ್ಷೆ ಆದ ಮೇಲೆ ಹ್ಯಾಂಡಲ್ ಎಳೆದು ಕೊಕ್ಕೆ ಬಿಡಿಸುವುದನ್ನು ಮರೆಯಬೇಡಿ. ಮರೆತು ಬಾಗಿಲು ಜೋರಾಗಿ ಹಾಕಿದರೆ ಲಾಕ್ ಹಾಳಾಗುತ್ತದೆ.

ಕೊಕ್ಕೆ ಧೂಳು, ಹಳೆಯ ಗ್ರೀಸ್ ಸೇರಿ ಗಟ್ಟಿಯಾಗಿದ್ದರೆ ಒರೆಸಿ, ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು, ಹತ್ತು ಸಲ ಬಾಗಿಲು ಹಾಕಿ ತೆಗೆದರೆ ಸರಿಹೋಗುವುದುಂಟು. ಆಗದಿದ್ದರೆ ಬಾಗಿಲ ಪ್ಯಾಡ್ ಬಿಚ್ಚಬೇಕು. ಅದು ಎಲೆಕ್ಟ್ರಿಷಿಯನ್ ಕೆಲಸ.

ಮುಂದಿನ ಬಾಗಿಲಿಗೆ ಹತ್ತುತ್ತದೆ, ಹಿಂದಿನದ್ದಕ್ಕೆ ಇಲ್ಲ. ಯಾಕೆ?

ಮೊದಲು ಹಿಂದಿನ ಬಾಗಿಲಿಗೆ ಸ್ವಿಚ್ ಇದೆಯಾ ನೋಡಿ. ಹಳೆಯ ಕಡಿಮೆ ಬೆಲೆಯ ಮಾದರಿಗಳಲ್ಲಿ ಹಿಂದಿನದ್ದಕ್ಕೆ ಕೊಟ್ಟಿರುವುದೇ ಇಲ್ಲ, ಕೆಲವಕ್ಕೆ ಡ್ರೈವರ್ ಬಾಗಿಲಿಗೆ ಮಾತ್ರ. ಇಲ್ಲದ ಸ್ವಿಚ್ಚನ್ನು ರಿಪೇರಿ ಮಾಡಲು ಹೊರಟವರನ್ನು ನೋಡಿದ್ದೇನೆ. ಲಾಕ್ ಒಳಗೆ ಸ್ವಿಚ್ ಇರುವ ಕಾರಾದರೆ ಬಾಗಿಲಿಗೂ ಕಂಬಕ್ಕೂ ನಡುವೆ ಇರುವ ರಬ್ಬರ್ ಕೊಳವೆ ನೋಡಿ. ಸಾವಿರಾರು ಸಲ ಬಾಗಿಲು ಆಡಿದ ಮೇಲೆ ಅದರೊಳಗಿನ ವೈರ್ ಮಡಿಚಿ ಮಡಿಚಿ ತುಂಡಾಗುತ್ತದೆ. ಅದೇ ಬಾಗಿಲಿನ ಪವರ್ ವಿಂಡೋ, ಸ್ಪೀಕರ್ ಕೂಡ ಮನಸ್ಸು ಬಂದಾಗ ಮಾತ್ರ ಕೆಲಸ ಮಾಡುತ್ತಿದ್ದರೆ ಇದೇ ಕಾರಣ.

ಬಲ್ಬ್ ನಾನೇ ಬದಲಿಸಬಹುದಾ?

ಖಂಡಿತ. ಆದರೆ ನನ್ನ ಹಾಗೆ ಮಾಡಬೇಡಿ.

ಮೊದಲ ಸಲ ನಾನು ಸ್ಕ್ರೂಡ್ರೈವರ್ ತೆಗೆದುಕೊಂಡು ನೇರವಾಗಿ ಬಲ್ಬ್ ಎಬ್ಬಿಸಲು ಹೋದೆ. ಸ್ವಿಚ್ ಆಫ್‌ನಲ್ಲಿತ್ತು, ಕರೆಂಟ್ ಇಲ್ಲ ಅಂದುಕೊಂಡಿದ್ದೆ. ಪ್ಲಸ್ ಅಲ್ಲೇ ಕಾಯುತ್ತಿರುತ್ತದೆ ಅಂತ ಮೇಲೆ ಹೇಳಿದೆ ಅಲ್ವಾ? ಸ್ಕ್ರೂಡ್ರೈವರ್ ಒಂದು ಕಡೆ ಕ್ಲಿಪ್ಪಿಗೆ, ಇನ್ನೊಂದು ಕಡೆ ರೂಫಿನ ತಗಡಿಗೆ ತಾಗಿತು. ಚಟ್ ಅಂತ ಒಂದು ಕಿಡಿ. ಸ್ಟೀರಿಯೋ ಬಂದ್, ಗಡಿಯಾರ ಬಂದ್, ಲೈಟಂತೂ ಮೊದಲೇ ಬಂದ್. ಬಲ್ಬ್ ಬದಲಿಸಲು ಹೋಗಿ ಫ್ಯೂಸ್ ಕಳೆದುಕೊಂಡೆ.

ಆದ್ದರಿಂದ ಮೊದಲು ಆ ಫ್ಯೂಸ್ ಕಿತ್ತಿಡಿ. ಆಮೇಲೆ ಮೇಲಿನ ಪ್ಲಾಸ್ಟಿಕ್ ಮುಚ್ಚಳ. ಅದರ ಅಂಚಿನಲ್ಲಿ ಎಲ್ಲೋ ಒಂದು ಸಣ್ಣ ಕಚ್ಚು ಇರುತ್ತದೆ. ಹಳೆಯ ಎಟಿಎಂ ಕಾರ್ಡ್ ಅಥವಾ ಬಟ್ಟೆ ಸುತ್ತಿದ ಚಪ್ಪಟೆ ಸ್ಕ್ರೂಡ್ರೈವರ್ ಅಲ್ಲಿ ತೂರಿಸಿ ಮೆಲ್ಲಗೆ ತಿರುಚಿ. ಚಳಿಗಾಲದ ಬೆಳಿಗ್ಗೆ ಹಳೆಯ ಪ್ಲಾಸ್ಟಿಕ್ ಬೇಗ ಒಡೆಯುತ್ತದೆ, ಸ್ವಲ್ಪ ಬಿಸಿಲೇರಲಿ. ಬಲ್ಬ್ ಈಗಷ್ಟೇ ಉರಿದಿದ್ದರೆ ಕೈ ಸುಡುತ್ತದೆ, ಐದು ನಿಮಿಷ ಬಿಡಿ.

ಒಳಗಿರುವುದು ಸಾಮಾನ್ಯವಾಗಿ ಫೆಸ್ಟೂನ್ ಬಲ್ಬ್. ಎರಡೂ ತುದಿಗೆ ಲೋಹದ ಟೋಪಿ, ನಡುವೆ ಗಾಜು, ಎರಡು ಸ್ಪ್ರಿಂಗ್ ಕ್ಲಿಪ್ಪುಗಳ ನಡುವೆ ತೊಟ್ಟಿಲಲ್ಲಿ ಮಲಗಿದ ಹಾಗೆ ಇರುತ್ತದೆ. ಗಾಜು ಕಪ್ಪಾಗಿದ್ದರೆ, ಒಳಗಿನ ತಂತಿ ತುಂಡಾಗಿದ್ದರೆ ಅದರ ಆಯುಸ್ಸು ಮುಗಿದಿದೆ. ಇದು 31, 36, 41 ಮಿಲಿಮೀಟರ್ ಹೀಗೆ ಬೇರೆ ಬೇರೆ ಉದ್ದದಲ್ಲಿ ಬರುತ್ತದೆ. 12 ವೋಲ್ಟ್ 5 ವಾಟ್ ಅಥವಾ 10 ವಾಟ್ ಅಂತ ಟೋಪಿಯ ಮೇಲೆ ಬರೆದಿರುತ್ತದೆ. ಅಂಗಡಿಗೆ ಹಳೆಯ ಬಲ್ಬನ್ನೇ ಜೇಬಲ್ಲಿ ಹಾಕಿಕೊಂಡು ಹೋಗಿ. ಬೆಂಗಳೂರಿನವರಿಗೆ ಜೆ.ಸಿ. ರಸ್ತೆ ಇದೆ. ನಮ್ಮಂಥ ಊರುಗಳಲ್ಲಿ ಬಸ್‌ಸ್ಟ್ಯಾಂಡ್ ಹತ್ತಿರದ ಯಾವ ಆಟೋ ಎಲೆಕ್ಟ್ರಿಕಲ್ ಅಂಗಡಿಯಲ್ಲೂ ಸಿಗುತ್ತದೆ. ಮ್ಯಾಪ್ ಲೈಟ್, ಡಿಕ್ಕಿ ಲೈಟುಗಳಿಗೆ ಕೆಲವು ಕಾರುಗಳಲ್ಲಿ ಟಿ10 ಅನ್ನುವ ಬಲ್ಬ್ ಇರುತ್ತದೆ. ಅದಕ್ಕೆ ಲೋಹದ ಟೋಪಿ ಇಲ್ಲ, ಗಾಜಿನ ಬುಡವನ್ನೇ ನೇರ ಎಳೆದು ತೆಗೆಯಬೇಕು.

ಹೊಸ ಬಲ್ಬ್ ಹಾಕಿ ಬೆರಳಲ್ಲಿ ತಿರುಗಿಸಿ ನೋಡಿ. ಗಟ್ಟಿಯಾಗಿ ಕೂತಿರಬೇಕು. ಲೊಡಲೊಡ ಅಂದರೆ ಕ್ಲಿಪ್ಪುಗಳನ್ನು ಕೂದಲೆಳೆಯಷ್ಟು ಒಳಗೆ ಬಗ್ಗಿಸಿ. 5 ವಾಟ್ ಇದ್ದಲ್ಲಿ ಬೆಳಕು ಜಾಸ್ತಿ ಬರಲಿ ಅಂತ 10 ಹಾಕಿದರೆ ಮುಚ್ಚಳ ಹಳದಿಯಾಗಿ ಕರಗಲು ಶುರುವಾಗುತ್ತದೆ.

ಫ್ಯೂಸ್ ಎಲ್ಲಿರುತ್ತದೆ? ಯಾವುದು ಅಂತ ಹೇಗೆ ಗೊತ್ತಾಗುತ್ತದೆ?

ನಮ್ಮ ದೇಶದ ಕಾರುಗಳಲ್ಲಿ ಬಹಳ ಸಲ ಒಂದು ಬಾಕ್ಸ್ ಡ್ರೈವರ್ ಮೊಣಕಾಲ ಹತ್ತಿರ ಡ್ಯಾಶ್‌ಬೋರ್ಡಿನ ಕೆಳಗೆ, ಇನ್ನೊಂದು ಬಾನೆಟ್ ಒಳಗೆ ಬ್ಯಾಟರಿ ಪಕ್ಕ. ಮುಚ್ಚಳದ ಹಿಂಬದಿಯಲ್ಲೇ ನಕ್ಷೆ ಇರುತ್ತದೆ. ರೂಮ್, ಡೋಮ್ ಅಥವಾ ಇಂಟೀರಿಯರ್ ಅಂತ ಬರೆದಿರುವುದನ್ನು ಹುಡುಕಿ. ಕಾರಿನ ಜೊತೆ ಬಂದ ಪುಸ್ತಕದಲ್ಲೂ ಇದೆ. ಅದು ಗ್ಲೋವ್ ಬಾಕ್ಸಿನಲ್ಲಿ ಇನ್ನೂ ಪ್ಲಾಸ್ಟಿಕ್ ಕವರಿನೊಳಗೇ ಮಲಗಿರುತ್ತದೆ.

ಫ್ಯೂಸ್ ಕಿತ್ತು ಬೆಳಕಿಗೆ ಹಿಡಿದರೆ ನಡುವಿನ ತಗಡು ತುಂಡಾಗಿರುವುದು ಕಾಣುತ್ತದೆ. ಬಣ್ಣವೇ ಆಂಪಿಯರ್ ಹೇಳುತ್ತದೆ: ಕೆಂಪು 10, ನೀಲಿ 15, ಹಳದಿ 20. ಅದೇ ಬಣ್ಣದ್ದನ್ನೇ ಹಾಕಿ.

ಇನ್ನೊಂದು. ಕೆಲವು ಹ್ಯುಂಡೈ ಮಾದರಿಗಳಲ್ಲಿ ಒಳಗಿನ ಫ್ಯೂಸ್ ಬಾಕ್ಸಿನಲ್ಲಿ ಒಂದು ಫ್ಯೂಸ್ ಸ್ವಿಚ್ ಇರುತ್ತದೆ, ಕಾರು ಬಹಳ ದಿನ ನಿಂತಾಗ ಬ್ಯಾಟರಿ ಉಳಿಯಲಿ ಅಂತ. ಅದು ಆಫ್ ಆಗಿದ್ದರೆ ಆಡಿಯೋ, ಗಡಿಯಾರ ಇಂಥವೆಲ್ಲ ಒಟ್ಟಿಗೆ ಕೈಕೊಡುತ್ತವೆ. ಬೇರೇನೂ ಬಿಚ್ಚುವ ಮೊದಲು ಅದನ್ನೊಮ್ಮೆ ನೋಡಿ.

ಹೊಸ ಫ್ಯೂಸ್ ಹಾಕಿದ ತಕ್ಷಣ ಅದೂ ಹೋಗುತ್ತದೆ. ದೊಡ್ಡದು ಹಾಕಲಾ?

ಬೇಡ. ಸಿಗರೇಟ್ ಪ್ಯಾಕಿನ ಬೆಳ್ಳಿ ಹಾಳೆ ಸುತ್ತುವುದೂ ಬೇಡ. ಫ್ಯೂಸ್ ಹೋಗದಿದ್ದರೆ ವೈರ್ ಬಿಸಿಯಾಗುತ್ತದೆ, ವೈರ್ ಇರುವುದು ರೂಫಿನ ಬಟ್ಟೆ, ಸೀಟಿನ ಸ್ಪಂಜಿನ ಪಕ್ಕ. ಮುಂದೆ ಏನಾಗುತ್ತದೆ ಅಂತ ಹೇಳಬೇಕಾಗಿಲ್ಲ.

ಎಲ್ಲೋ ಪ್ಲಸ್ ವೈರ್ ಸಿಪ್ಪೆ ಸುಲಿದು ಬಾಡಿಗೆ ತಾಗುತ್ತಿದೆ. ಆ ಫ್ಯೂಸಿನ ಮೇಲೆ ಏನೇನಿದೆ ನೆನಪು ಮಾಡಿಕೊಳ್ಳಿ. ಸ್ಟೀರಿಯೋ ಹೊಸದಾಗಿ ಹಾಕಿಸಿದಿರಾ? ಡ್ಯಾಶ್‌ಕ್ಯಾಮ್? ಕಾಲ ಬಳಿ ಬಣ್ಣದ ಲೈಟ್ ಪಟ್ಟಿ? ಡಿಕ್ಕಿ ಬಾಗಿಲ ಕೀಲಿನ ಹತ್ತಿರದ ವೈರ್? ಹೊರಗಿನವರು ಸೇರಿಸಿದ ವೈರಿನಿಂದಲೇ ಹುಡುಕಾಟ ಶುರು ಮಾಡಿ. ನಮ್ಮ ಕಡೆಯಂತೂ ಇಲಿ. ಅಡಿಕೆ ಕೊಟ್ಟಿಗೆ ಪಕ್ಕ ಕಾರು ನಿಲ್ಲಿಸುವವರಿಗೆ ಇದನ್ನು ವಿವರಿಸುವ ಅಗತ್ಯವೇ ಇಲ್ಲ. ಬಾನೆಟ್ ಎತ್ತಿ ಹಿಕ್ಕೆ ಇದೆಯಾ ನೋಡಿ.

ಬಾಗಿಲು ಹಾಕಿದ ಮೇಲೂ ಲೈಟ್ ಆರುತ್ತಿಲ್ಲ.

ಅರ್ಧ ನಿಮಿಷ ಕಾಯಿರಿ. ಎಷ್ಟೋ ಕಾರುಗಳಲ್ಲಿ ನೀವು ಕೀ ತೂರಿಸಲಿ ಅಂತ ಸ್ವಲ್ಪ ಹೊತ್ತು ಉರಿದು ಮೆಲ್ಲಗೆ ಆರುವ ಹಾಗೆ ಮಾಡಿರುತ್ತಾರೆ. ಕಾರು ಲಾಕ್ ಮಾಡಿದರೆ ತಕ್ಷಣ ಆರುತ್ತದೆ.

ಆಗಲೂ ಉರಿಯುತ್ತಿದ್ದರೆ ಎಲ್ಲ ಬಾಗಿಲನ್ನೂ, ಡಿಕ್ಕಿಯನ್ನೂ ಮತ್ತೊಮ್ಮೆ ತೆಗೆದು ಗಟ್ಟಿಯಾಗಿ ಹಾಕಿ. ಸೀಟ್ ಬೆಲ್ಟಿನ ಬಕಲ್ ಬಾಗಿಲ ಸಂದಿಗೆ ಸಿಕ್ಕಿರುತ್ತದೆ, ಸೀರೆ ಸೆರಗು ಸಿಕ್ಕಿರುತ್ತದೆ. ಅದೂ ಅಲ್ಲ ಅಂದರೆ ಬಾಗಿಲು ತೆಗೆದು ಸ್ವಿಚ್ ಬಟನ್ನುಗಳನ್ನು ಒಂದೊಂದಾಗಿ ಬೆರಳಲ್ಲಿ ಒತ್ತಿ ಹಿಡಿಯಿರಿ, ಉಳಿದ ಬಾಗಿಲು ಮುಚ್ಚಿರಲಿ. ಒತ್ತಿ ಹಿಡಿದರೆ ಆರುತ್ತದೆ, ಬಾಗಿಲು ಹಾಕಿದರೆ ಆರುವುದಿಲ್ಲ ಅಂದರೆ ಬಟನ್ ಪೂರ್ತಿ ಒತ್ತುತ್ತಿಲ್ಲ. ರಬ್ಬರ್ ಸವೆದಿರಬಹುದು, ಬಾಗಿಲು ಸ್ವಲ್ಪ ಜೋತಿರಬಹುದು. ಎಲ್ಲ ಒತ್ತಿದರೂ ಆರದಿದ್ದರೆ ಸ್ವಿಚ್ಚಿನ ವೈರ್ ಕಂಬದೊಳಗೆ ಬಾಡಿಗೆ ತಾಗಿರುತ್ತದೆ. ಸರಿ ಮಾಡಿಸುವ ತನಕ ಸ್ವಿಚ್ಚನ್ನು ಆಫ್‌ನಲ್ಲಿಡಿ.

ರಾತ್ರಿಯಿಡೀ ಒಳಗಿನ ಲೈಟ್ ಉರಿದರೆ ಬ್ಯಾಟರಿ ಡೌನ್ ಆಗುತ್ತಾ?

ಲೆಕ್ಕ ಹಾಕೋಣ. 5 ವಾಟ್ ಬಲ್ಬ್ 12 ವೋಲ್ಟಿನಲ್ಲಿ ಸುಮಾರು 0.4 ಆಂಪಿಯರ್ ಎಳೆಯುತ್ತದೆ. ಹತ್ತು ಗಂಟೆಗೆ 4 ಆಂಪಿಯರ್ ಅವರ್. ಸಣ್ಣ ಕಾರಿನ ಬ್ಯಾಟರಿ 35 ಆಂಪಿಯರ್ ಅವರ್ ಅಂದುಕೊಳ್ಳಿ. ಬ್ಯಾಟರಿ ಹೊಸದಾಗಿದ್ದರೆ ಬೆಳಿಗ್ಗೆ ಏನೂ ಆಗದವರ ಹಾಗೆ ಸ್ಟಾರ್ಟ್ ಆಗುತ್ತದೆ. ಬಲ್ಬ್ 10 ವಾಟಿನದ್ದಾಗಿ, ಎರಡು ರಾತ್ರಿ ಕಳೆದರೆ 17ರ ಹತ್ತಿರ ಹೋಯಿತು, ಹೆಚ್ಚುಕಡಿಮೆ ಅರ್ಧ. ಸೆಲ್ಫ್ ಹೊಡೆಯಲು ಬೇಕಾದ ಶಕ್ತಿ ಉಳಿಯದೇ ಹೋಗಬಹುದು. ನಾಲ್ಕು ವರ್ಷದ ಹಳೆಯ ಬ್ಯಾಟರಿಯಾದರೆ ಒಂದೇ ರಾತ್ರಿ ಸಾಕು.

ನಮಗೆ ಆದದ್ದು ಹಾಗೇ. ತಂಗಿ ಮಗಳು ಹಿಂದಿನ ಸೀಟಿನಲ್ಲಿ ಬಿದ್ದುಹೋದ ಓಲೆ ಹುಡುಕಲು ಲೈಟ್ ಆನ್‌ಗೆ ತಳ್ಳಿದ್ದಳು. ಮರುದಿನ ಮದುವೆ, ಬೆಳಿಗ್ಗೆ ಐದಕ್ಕೆ ಹೊರಡಬೇಕು. ಕೀ ತಿರುಗಿಸಿದರೆ ಕಟ್ ಕಟ್ ಕಟ್. ಕೊನೆಗೆ ಭಾವ ಪಂಚೆ ಎತ್ತಿಕಟ್ಟಿ, ಮೂರು ಜನ ತಳ್ಳಿ, ಎರಡನೇ ಗೇರಿನಲ್ಲಿ ಕ್ಲಚ್ ಬಿಟ್ಟು ಸ್ಟಾರ್ಟ್ ಮಾಡಿದೆವು. ಓಲೆ ಸಿಕ್ಕಿರಲಿಲ್ಲ. ಆಟೋಮ್ಯಾಟಿಕ್ ಗೇರಿನ ಕಾರಿಗೆ ಈ ತಳ್ಳಾಟ ನಡೆಯುವುದಿಲ್ಲ, ಜಂಪ್ ಕೇಬಲ್ ಬೇಕು. ಕೆಂಪು ಕ್ಲಿಪ್ ಸತ್ತ ಬ್ಯಾಟರಿಯ ಪ್ಲಸ್‌ಗೆ, ಅದರ ಇನ್ನೊಂದು ತುದಿ ಒಳ್ಳೆಯ ಬ್ಯಾಟರಿಯ ಪ್ಲಸ್‌ಗೆ. ಕಪ್ಪು ಕ್ಲಿಪ್ ಒಳ್ಳೆಯದರ ಮೈನಸ್‌ಗೆ, ಕೊನೆಯ ತುದಿ ಸತ್ತ ಕಾರಿನ ಇಂಜಿನ್ನಿನ ಬರಿಯ ಲೋಹಕ್ಕೆ, ಬ್ಯಾಟರಿಯಿಂದ ದೂರ.

ಎಲ್ಲ ಆಫ್ ಇದೆ, ಆದರೂ ಮೂರು ದಿನಕ್ಕೆ ಬ್ಯಾಟರಿ ಡೌನ್.

ಡಿಕ್ಕಿ ಲೈಟ್ ಅಥವಾ ಗ್ಲೋವ್ ಬಾಕ್ಸ್ ಲೈಟ್ ಒಳಗೊಳಗೇ ಉರಿಯುತ್ತಿರಬಹುದು. ಮುಚ್ಚಿದ ಮೇಲೆ ಆರುತ್ತದಾ ಅಂತ ಕಣ್ಣಲ್ಲಿ ನೋಡಲು ಆಗುವುದಿಲ್ಲ ಅಲ್ವಾ? ಫೋನಿನಲ್ಲಿ ವಿಡಿಯೋ ಹಾಕಿ ಡಿಕ್ಕಿಯೊಳಗೆ ಇಟ್ಟು, ಮುಚ್ಚಿ, ಒಂದು ನಿಮಿಷ ಬಿಟ್ಟು ತೆಗೆಯಿರಿ. ಮುಚ್ಚುವ ಮೊದಲು ಕಾರಿನ ಕೀ ಕೈಯಲ್ಲೇ ಇದೆಯಾ ನೋಡಿಕೊಳ್ಳಿ.

ವಿಡಿಯೋದಲ್ಲಿ ಕತ್ತಲೆಯೇ ಕಂಡರೆ ಕರೆಂಟ್ ಅಳೆಯುವ ಮಲ್ಟಿಮೀಟರ್ ಹಿಡಿಯಬೇಕು. ಕೀ ತೆಗೆದು, ಲಾಕ್ ಮಾಡಿ, ಕಾರಿನ ಕಂಪ್ಯೂಟರುಗಳು ನಿದ್ದೆ ಹೋಗಲು ಅರ್ಧ ಗಂಟೆ ಬಿಟ್ಟು, ಬ್ಯಾಟರಿ ಮೈನಸ್ಸಿನ ದಾರಿಯಲ್ಲಿ ಮೀಟರ್ ಸೇರಿಸಿ ಅಳೆದರೆ 50 ಮಿಲಿಆಂಪಿಯರಿಗಿಂತ ಕಡಿಮೆ ಇರಬೇಕು. ಮೀಟರ್ ಸೇರಿಸಿದಾಗ ಸೆಲ್ಫ್ ಹೊಡೆಯಬೇಡಿ, ಮೀಟರೇ ಸುಟ್ಟುಹೋದೀತು. 400ರ ಆಸುಪಾಸು ತೋರಿಸಿದರೆ ಎಲ್ಲೋ ಒಂದು 5 ವಾಟ್ ಬಲ್ಬ್ ಉರಿಯುತ್ತಿದೆ. ಫ್ಯೂಸುಗಳನ್ನು ಒಂದೊಂದೇ ಕೀಳುತ್ತ ಹೋಗಿ. ಯಾವುದಕ್ಕೆ ಮೀಟರ್ ಇಳಿಯುತ್ತದೋ ಕಳ್ಳ ಅಲ್ಲಿದ್ದಾನೆ.

ಲೈಟ್ ಮಿಣಮಿಣ ಅನ್ನುತ್ತದೆ, ಗುಂಡಿಗೆ ಇಳಿದಾಗ ತಾನೇ ಹತ್ತುತ್ತದೆ.

ಗುಂಡಿಗೆ ಹತ್ತಿ ಆರಿದರೆ ಬಾಗಿಲು ಸರಿಯಾಗಿ ಕೂತಿಲ್ಲ ಅಥವಾ ಬಲ್ಬಿನ ಕ್ಲಿಪ್ ಸಡಿಲ. ಆಕ್ಸಿಲರೇಟರ್ ಒತ್ತಿದಾಗ ಬೆಳಕು ಏರಿ, ಬಿಟ್ಟಾಗ ಇಳಿದರೆ ಅದು ಲೈಟಿನ ಕಾಯಿಲೆ ಅಲ್ಲ, ಬ್ಯಾಟರಿಯನ್ನು ಚಾರ್ಜ್ ಮಾಡುವ ಆಲ್ಟರ್ನೇಟರ್ ಅಥವಾ ಅದರ ಬೆಲ್ಟ್. ಇಂಜಿನ್ ಓಡುವಾಗ ಬ್ಯಾಟರಿ ಮೇಲೆ ಸುಮಾರು 13.8ರಿಂದ 14.4 ವೋಲ್ಟ್ ಇರಬೇಕು. 15 ದಾಟಿದರೆ ಬಲ್ಬುಗಳು ಒಂದರ ಹಿಂದೆ ಒಂದು ಸುಡುತ್ತವೆ. ತಿಂಗಳಿಗೊಂದು ಬಲ್ಬ್ ಬದಲಿಸುತ್ತಿದ್ದರೆ ಇದನ್ನು ಅಳೆಸಿ.

ಎಲ್‌ಇಡಿ ಹಾಕಿಸಿದೆ. ಒಮ್ಮೆ ಹತ್ತಲೇ ಇಲ್ಲ, ಈಗ ಆರುವುದೇ ಇಲ್ಲ!

ಹತ್ತದಿದ್ದರೆ ಉಲ್ಟಾ ತಿರುಗಿಸಿ ಹಾಕಿ. ಮಾಮೂಲಿ ಬಲ್ಬಿಗೆ ಪ್ಲಸ್ ಮೈನಸ್ ಭೇದ ಇಲ್ಲ, ಬಹಳಷ್ಟು ಎಲ್‌ಇಡಿಗಳಿಗೆ ಇದೆ. ಆಫ್ ಮಾಡಿದ ಮೇಲೂ ಮಂಕಾಗಿ ಉರಿಯುತ್ತಿದ್ದರೆ ಭಯ ಬೇಡ. ಕೆಲವು ಕಾರುಗಳ ಸರ್ಕ್ಯೂಟಿನಲ್ಲಿ ಒಂಚೂರು ಕರೆಂಟ್ ಸೋರುತ್ತಲೇ ಇರುತ್ತದೆ. ಹಳೆಯ ಬಲ್ಬ್ ಬೆಳಗಲು ಅದು ಸಾಲದು, ಎಲ್‌ಇಡಿಗೆ ಅಷ್ಟೇ ಸಾಕು. ರೆಸಿಸ್ಟರ್ ಸೇರಿಸಿದ ಎಲ್‌ಇಡಿಗಳು ಬರುತ್ತವೆ, ಅವನ್ನು ಹಾಕಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ. ಅಗ್ಗದ ಎಲ್‌ಇಡಿ ಹಾಕಿದ ಮೇಲೆ ಎಫ್‌ಎಂ ರೇಡಿಯೋದಲ್ಲಿ ಗೊರಗೊರ ಸದ್ದು ಬಂದರೆ ಆ ಸದ್ದು ಎಲ್‌ಇಡಿಯದ್ದೇ. ನನ್ನ ಮಟ್ಟಿಗೆ ಆಸ್ಪತ್ರೆ ವಾರ್ಡಿನ ಹಾಗೆ ಕಾಣುವ ನೀಲಿ ಬಿಳುಪಿಗಿಂತ ಸ್ವಲ್ಪ ಹಳದಿ ಬೆಳಕೇ ವಾಸಿ.

ಡ್ಯಾಶ್‌ಬೋರ್ಡಿನ ಸ್ಪೀಡ್ ಮೀಟರಿನ ಲೈಟ್ ರಾತ್ರಿ ಕಾಣುವುದಿಲ್ಲ.

ಆ ಬೆಳಕನ್ನು ಹೆಚ್ಚು ಕಡಿಮೆ ಮಾಡುವ ಡಿಮ್ಮರ್ ಚಕ್ರ ಕೆಳಗೆ ತಿರುಗಿರುತ್ತದೆ. ಡ್ಯಾಶ್‌ಬೋರ್ಡ್ ಒರೆಸುವಾಗ ಹೀಗಾಗುತ್ತದೆ. ಅದು ಸರಿ ಇದ್ದರೆ ಇಳಿದು ಹಿಂದೆ ಹೋಗಿ ಟೈಲ್ ಲೈಟ್, ನಂಬರ್ ಪ್ಲೇಟ್ ಲೈಟ್ ನೋಡಿ. ಅವೂ ಆರಿದ್ದರೆ ಟೈಲ್ ಫ್ಯೂಸ್ ಹೋಗಿದೆ. ಹಿಂದಿನ ಲಾರಿಯವರಿಗೆ ನಿಮ್ಮ ಕಾರು ಕಾಣುವುದಿಲ್ಲ, ಆ ರಾತ್ರಿಯೇ ಸರಿ ಮಾಡಿಕೊಳ್ಳಿ.

ಮಳೆಗಾಲದಲ್ಲಿ ರೂಫ್ ಲೈಟಿನಿಂದ ನೀರು ತೊಟ್ಟಿಕ್ಕುತ್ತದೆ.

ಫ್ಯೂಸ್ ಕಿತ್ತು, ಬಲ್ಬ್ ತೆಗೆದು, ಒಣಗಲು ಬಿಡಿ. ನೀರು ಬರುವುದು ರೂಫಿನ ಆಂಟೆನಾ ಬುಡದ ರಬ್ಬರ್ ಒಣಗಿ ಬಿರಿದಿದ್ದರೆ, ಅಥವಾ ಸನ್‌ರೂಫ್ ಮೂಲೆಗಳ ನೀರಿನ ಕೊಳವೆಗೆ ಎಲೆ ಕಸ ತುಂಬಿದ್ದರೆ. ಮರದ ಕೆಳಗೆ ನಿಲ್ಲಿಸುವ ಸನ್‌ರೂಫ್ ಕಾರುಗಳಿಗೆ ಇದು ತಪ್ಪಿದ್ದಲ್ಲ.

ಲೈಟ್ ಹಾಕಿಕೊಂಡೇ ಓಡಿಸಬಹುದಾ?

ಓಡಿಸಿದರೆ ಮುಂದಿನ ಗಾಜಿನಲ್ಲಿ ರಸ್ತೆಯ ಬದಲು ನಿಮ್ಮ ಮುಖವೇ ಕಾಣುತ್ತದೆ. ಹಿಂದೆ ಕೂತವರಿಗೆ ಏನಾದರೂ ಹುಡುಕಬೇಕಿದ್ದರೆ ಪಕ್ಕಕ್ಕೆ ನಿಲ್ಲಿಸಿ.

ಯಾವುದನ್ನು ಮುಟ್ಟಲೇಬಾರದು?

ಹಳದಿ ಬಣ್ಣದ ವೈರ್, ಹಳದಿ ಕನೆಕ್ಟರ್. ಅವು ಸಾಮಾನ್ಯವಾಗಿ ಏರ್‌ಬ್ಯಾಗಿಗೆ ಹೋಗುತ್ತವೆ. ಕರ್ಟನ್ ಏರ್‌ಬ್ಯಾಗ್ ಇರುವ ಕಾರಿನಲ್ಲಿ ಅದು ಕಿಟಕಿಯ ಮೇಲೆ ರೂಫಿನ ಅಂಚಿನುದ್ದಕ್ಕೂ ಮಡಿಚಿಟ್ಟಿರುತ್ತದೆ. ಬಣ್ಣದ ಲೈಟ್ ಪಟ್ಟಿ ಹಾಕಲು ಅಲ್ಲಿ ವೈರ್ ತೂರಿಸುವ ಹುಡುಗರಿಗೆ ಬೇಡ ಅನ್ನಿ. ವಾರಂಟಿ ಇರುವ ಕಾರಿನ ಮೂಲ ವೈರ್ ಕತ್ತರಿಸಲು ಬಿಡಬೇಡಿ.

ಎಲೆಕ್ಟ್ರಿಷಿಯನ್ ಹತ್ತಿರ ಹೋದಾಗ "ಲೈಟ್ ಹತ್ತಲ್ಲ" ಅಂದರೆ ಅವರು ಮೊದಲಿನಿಂದ ಶುರು ಮಾಡುತ್ತಾರೆ. "ಆನ್‌ನಲ್ಲಿ ಹತ್ತುತ್ತದೆ, ಡೋರ್‌ನಲ್ಲಿ ಇಲ್ಲ, ಎಡಗಡೆ ಹಿಂದಿನ ಬಾಗಿಲು ಮಾತ್ರ" ಅನ್ನಿ. ಅರ್ಧ ಗಂಟೆ ಮತ್ತು ಅರ್ಧ ಬಿಲ್ಲು ಉಳಿಯುತ್ತದೆ.

ಲೈಟ್ ಸರಿಹೋಯಿತು, ಆದರೆ ಗಡಿಯಾರ ತಪ್ಪು ಟೈಮ್ ತೋರಿಸುತ್ತಿದೆ.

ಫ್ಯೂಸ್ ಕಿತ್ತಾಗ ಅದರ ನೆನಪು ಹೋಗಿರುತ್ತದೆ. ಮತ್ತೆ ಸೆಟ್ ಮಾಡಿ. ಸ್ಟೀರಿಯೋ ಕೋಡ್ ಕೇಳಿದರೆ ಆ ಪುಸ್ತಕದ ಜೊತೆ ಕೊಟ್ಟ ಕಾರ್ಡಿನಲ್ಲಿ ಹುಡುಕಿ. ನಮ್ಮ ಕಾರಿನದ್ದು ಮಾತ್ರ ಇವತ್ತಿಗೂ ಹತ್ತು ನಿಮಿಷ ಮುಂದಿದೆ. ಮನೆಯವರು ಹಾಗೇ ಇರಲಿ ಅಂದಿದ್ದಾರೆ.